ವಿದೇಶಿ ಷೇರಿನ ಬೆಲೆ, ವಿಶ್ಲೇಷಕರ ಮಾತು: ಎರಡನ್ನೂ ಸರಿಯಾಗಿ ಓದುವ ಬಗೆ

ಲಂಡನ್ ಷೇರುಪೇಟೆಯಲ್ಲಿ ವೊಡಾಫೋನ್ ಎದುರು 90 ಎಂದಿದೆ, ನ್ಯೂಯಾರ್ಕ್‌ನಲ್ಲಿ ಅದೇ ಕಂಪನಿಯ ಎದುರು 11.70 ಎಂದಿದೆ ಎಂದುಕೊಳ್ಳಿ. ಯಾವುದು ಅಗ್ಗ? ಎರಡೂ ಒಂದೇ ಬೆಲೆ. ಲಂಡನ್ನಿನ 90 ಪೌಂಡ್ ಅಲ್ಲ, ಪೆನ್ಸ್. ನ್ಯೂಯಾರ್ಕ್‌ನ 11.70 ಡಾಲರ್ ಒಂದು ಷೇರಿನದಲ್ಲ, ಹತ್ತು ಷೇರಿನ ಕಟ್ಟಿನದು. 90 ಪೆನ್ಸ್ ಹತ್ತು ಸಲ ಅಂದರೆ 9 ಪೌಂಡ್, ಪೌಂಡಿಗೆ 1.30 ಡಾಲರ್ ಹಿಡಿದರೆ 11.70 ಡಾಲರ್. ಲೆಕ್ಕ ಮುಗಿಯಿತು.

ಷೇರುಗಳನ್ನು ಅಳೆದು ವರದಿ ಬರೆಯುವ ಬ್ರೋಕರೇಜ್ ಸಂಸ್ಥೆಗಳ ವಿಶ್ಲೇಷಕರು ಕೊಡುವ ರೇಟಿಂಗ್ ಕಥೆಯೂ ಇದೇ. 'ಓವರ್‌ವೇಟ್' ಎಂಬ ಪದ ಓದಿ 'ಕೊಳ್ಳಿ ಅಂತಿದ್ದಾರೆ' ಎಂದು ತಿಳಿಯುವವರು, 90 ಓದಿ ಪೌಂಡ್ ಎಂದುಕೊಂಡವರ ಹಾಗೆಯೇ ಎಡವುತ್ತಾರೆ. ಅಂಕಿಯ ಹಿಂದೆ ಒಂದು ಮಾನ ಅಡಗಿರುತ್ತದೆ, ಪದದ ಹಿಂದೆ ಒಂದು ಅಳತೆಗೋಲು. ಸೇರಿನಲ್ಲಿ ಅಳೆದದ್ದೋ ಪಾವಿನಲ್ಲಿ ಅಳೆದದ್ದೋ ಗೊತ್ತಿಲ್ಲದೆ ಅಕ್ಕಿಯ ದರ ಹೋಲಿಸಲು ಆಗದು. ಮೊದಲು ಬೆಲೆ ನೋಡೋಣ, ಆಮೇಲೆ ಮಾತು.

ಹಂತ 1: ಯಾವ ನಾಣ್ಯ, ಅದರಲ್ಲೂ ಯಾವ ಚಿಲ್ಲರೆ?

ಲಂಡನ್ನಿನ ಬಹುತೇಕ ಷೇರುಗಳ ದರ ಪೆನ್ಸ್‌ನಲ್ಲಿರುತ್ತದೆ. 100 ಪೆನ್ಸ್ ಒಂದು ಪೌಂಡ್. ದರದ ಪಕ್ಕ ಜಿಬಿಎಕ್ಸ್ ಎಂಬ ಸಂಕೇತವಿದ್ದರೆ ಪೆನ್ಸ್. ಕೆಲವು ತಾಣಗಳು ಜಿಬಿಪಿ ಎಂದೇ ಬರೆದು ಕೊನೆಯ ಅಕ್ಷರವನ್ನು ಮಾತ್ರ ಚಿಕ್ಕದಾಗಿಸುತ್ತವೆ. ಆ ಚಿಕ್ಕ ಅಕ್ಷರ ಕಂಡರೆ ಪೆನ್ಸ್, ಮೂರೂ ದೊಡ್ಡಕ್ಷರವಾದರೆ ಪೌಂಡ್. ಒಂದು ಅಕ್ಷರದ ಗಾತ್ರದಲ್ಲಿ ನೂರು ಪಟ್ಟು ವ್ಯತ್ಯಾಸ! ಲಂಡನ್ನಿನಲ್ಲೇ ಡಾಲರ್, ಯೂರೋಗಳಲ್ಲಿ ದರ ತೋರಿಸುವ ಇಟಿಎಫ್‌ಗಳೂ (ಷೇರಿನಂತೆ ಪೇಟೆಯಲ್ಲಿ ವಹಿವಾಟಾಗುವ ನಿಧಿಗಳು) ಇವೆ. ಹಾಗಾಗಿ 'ಲಂಡನ್ ಅಂದರೆ ಪೆನ್ಸ್' ಎಂದು ಕಣ್ಣು ಮುಚ್ಚಿ ಭಾಗಿಸಬೇಡಿ, ಸಂಕೇತ ನೋಡಿ.

ಜೋಹಾನ್ಸ್‌ಬರ್ಗ್ ಪೇಟೆ ಸೆಂಟ್‌ಗಳಲ್ಲಿ ದರ ಹೇಳುತ್ತದೆ, 100 ಸೆಂಟ್ ಒಂದು ರ‍್ಯಾಂಡ್. ಟೆಲ್ ಅವೀವ್‌ನಲ್ಲಿ ಅಗೊರೋತ್, 100 ಸೇರಿದರೆ ಒಂದು ಶೆಕೆಲ್. ಕುವೈತ್‌ನಲ್ಲಿ ಫಿಲ್ಸ್; ಅಲ್ಲಿ ನೂರಲ್ಲ, 1,000 ಫಿಲ್ಸ್‌ಗೆ ಒಂದು ದಿನಾರ್.

ಇದಕ್ಕಿಂತ ಕಷ್ಟದ ತಪ್ಪು ಒಂದಿದೆ. ಶೆಲ್, ಬಿಪಿ, ಎಚ್‌ಎಸ್‌ಬಿಸಿ ಮುಂತಾದ ಕಂಪನಿಗಳ ಷೇರು ಲಂಡನ್ನಿನಲ್ಲಿ ಪೆನ್ಸ್‌ನಲ್ಲಿ ಮಾರಾಟವಾದರೂ ಅವು ಲೆಕ್ಕಪತ್ರ ಬರೆಯುವುದು ಡಾಲರಿನಲ್ಲಿ. ಪಿ/ಇ (ಬೆಲೆ ಗಳಿಕೆಯ ಎಷ್ಟು ಪಟ್ಟು ಎಂಬ ಅನುಪಾತ) ಬೇಕೆಂದು ಪೆನ್ಸ್‌ನ ಬೆಲೆಯನ್ನು ಡಾಲರಿನ ಗಳಿಕೆಯಿಂದ ಭಾಗಿಸಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ. ಬೆಲೆ, ಪ್ರತಿ ಷೇರಿನ ಗಳಿಕೆ, ಡಿವಿಡೆಂಡ್ ಈ ಮೂರನ್ನೂ ಒಂದೇ ನಾಣ್ಯಕ್ಕೆ ತಂದ ಮೇಲೆ ಭಾಗಾಕಾರ ಮಾಡಿ. ಉಚಿತ ತಾಣಗಳು ಇಲ್ಲಿ ಆಗಾಗ ಮುಗ್ಗರಿಸುತ್ತವೆ. ನೆಟ್ಟಗಿರುವ ದೊಡ್ಡ ಕಂಪನಿಯ ಪಿ/ಇ 1,200 ಎಂದೋ 0.12 ಎಂದೋ ಕಂಡರೆ, ಡಿವಿಡೆಂಡ್ ಯೀಲ್ಡ್ (ಡಿವಿಡೆಂಡ್ ಬೆಲೆಯ ಎಷ್ಟು ಶೇಕಡಾ ಎಂಬುದು) 0.04% ಎಂದು ಬಂದರೆ, ಕಂಪನಿಯನ್ನು ಅನುಮಾನಿಸುವ ಮೊದಲು ಚಿಲ್ಲರೆಯನ್ನು ಅನುಮಾನಿಸಿ. ನೂರರಿಂದ ಗುಣಿಸಿದಾಗ ಅಥವಾ ಭಾಗಿಸಿದಾಗ ಸಹಜ ಅಂಕಿ ಬಂದರೆ ಕಾರಣ ಅದೇ.

ಅಂಕಿ ಬರೆಯುವ ರೀತಿಯೂ ಬೇರೆ. ಜರ್ಮನಿಯ ಪುಟದಲ್ಲಿ 1.234,50 ಎಂದರೆ ನಮ್ಮ 1,234.50, ಅಲ್ಲಿ ಚುಕ್ಕಿ ಸಾವಿರಕ್ಕೆ, ಅಲ್ಪವಿರಾಮ ದಶಮಾಂಶಕ್ಕೆ. ಮಿಲಿಯನ್ ಅಂದರೆ 10 ಲಕ್ಷ, ಬಿಲಿಯನ್ ಅಂದರೆ 100 ಕೋಟಿ, ಟ್ರಿಲಿಯನ್ ಅಂದರೆ ಲಕ್ಷ ಕೋಟಿ. ಇಷ್ಟು ಬಾಯಿಪಾಠ ಆಗಿರಲಿ. ಬಣ್ಣವನ್ನೂ ನಂಬಬೇಡಿ: ಚೀನಾ, ತೈವಾನ್ ಪರದೆಗಳಲ್ಲಿ ಕೆಂಪು ಎಂದರೆ ಏರಿಕೆ, ಹಸಿರು ಎಂದರೆ ಇಳಿಕೆ. ಊರೆಲ್ಲ ಕೆಂಪಾಗಿದೆ ಎಂದು ಗಾಬರಿಯಾಗುವ ದಿನ ಅಲ್ಲಿ ಹಬ್ಬವಿರಬಹುದು.

ಹಂತ 2: ನಿಮ್ಮ ಕಣ್ಣ ಮುಂದಿರುವುದು ಎಷ್ಟು ಷೇರು?

ಅಮೆರಿಕದಲ್ಲಿ ಹೊರದೇಶದ ಕಂಪನಿಗಳ ಷೇರು ಹೆಚ್ಚಾಗಿ ಎಡಿಆರ್ ರೂಪದಲ್ಲಿ ವಹಿವಾಟಾಗುತ್ತದೆ. ಮೂಲ ಷೇರನ್ನು ಬ್ಯಾಂಕೊಂದು ತನ್ನ ಬಳಿ ಇಟ್ಟುಕೊಂಡು ಅದರ ಮೇಲೆ ಕೊಡುವ ರಸೀತಿ ಅದು. ಒಂದು ರಸೀತಿಗೆ ಎಷ್ಟು ಷೇರು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಇನ್ಫೋಸಿಸ್, ವಿಪ್ರೊಗಳದ್ದು ಒಂದಕ್ಕೆ ಒಂದು. ಐಸಿಐಸಿಐ ಬ್ಯಾಂಕ್, ಶೆಲ್‌ಗಳದ್ದು 2. ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿಗೆ 5, ಬಿಪಿಗೆ 6, ಅಲಿಬಾಬಾಕ್ಕೆ 8, ಟೊಯೊಟಾ ಮತ್ತು ವೊಡಾಫೋನ್‌ಗೆ 10.

ಹೋಲಿಸುವ ಸೂತ್ರ ಸರಳ: ಎಡಿಆರ್ ಬೆಲೆಯನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿ, ಅಂದಿನ ವಿನಿಮಯ ದರದಿಂದ ಗುಣಿಸಿ. ಇನ್ಫೋಸಿಸ್ ಎಡಿಆರ್ 18 ಡಾಲರ್, ಡಾಲರಿಗೆ 88 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ 1,584 ರೂಪಾಯಿ. ಮುಂಬೈನಲ್ಲಿ ಹಿಂದಿನ ಸಂಜೆ 1,560ಕ್ಕೆ ಮುಗಿದಿದ್ದರೆ ನ್ಯೂಯಾರ್ಕ್ ರಾತ್ರಿ ಸುಮಾರು ಒಂದೂವರೆ ಶೇಕಡಾ ಮೇಲೆ ನಿಲ್ಲಿಸಿದೆ ಎಂದರ್ಥ. ಬೆಂಗಳೂರಿನ ಈ ಕಂಪನಿ 1999ರಲ್ಲಿ ನಾಸ್ಡಾಕ್ ಸೇರಿ, 2012ರಲ್ಲಿ ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್‌ಗೆ ಹೋಯಿತು. ಬೆಳಗಿನ ಕಾಫಿಯ ಹೊತ್ತಿಗೆ ಅದರ ಎಡಿಆರ್ ನೋಡುವ ಅಭ್ಯಾಸ ಇಲ್ಲಿ ಅನೇಕರಿಗಿದೆ. ನೋಡುವುದು ತಪ್ಪಲ್ಲ. ಆದರೆ ಎರಡು ಪೇಟೆಯ ದರ ಸದಾ ಹೊಂದಲೇಬೇಕು ಎಂದು ತಿಳಿಯಬೇಡಿ. ಸ್ಥಳೀಯ ಷೇರನ್ನು ಬೇಕೆಂದಾಗ ಎಡಿಆರ್ ಆಗಿ ಬದಲಿಸಲು ಕಟ್ಟುಪಾಡು ಇರುವ ಕಡೆ ಎಡಿಆರ್ ತುಟ್ಟಿಯಾಗಿಯೇ ಉಳಿಯಬಹುದು. ಟಿಎಸ್‌ಎಂಸಿಯ ಎಡಿಆರ್ ತೈಪೆ ದರಕ್ಕಿಂತ ಬಹಳ ಮೇಲೆ ಇದ್ದದ್ದು ಇದಕ್ಕೆ ಪ್ರಸಿದ್ಧ ಉದಾಹರಣೆ.

ಒಂದೇ ಕಂಪನಿಗೆ ಎರಡು ವರ್ಗದ ಷೇರು ಇರುವುದೂ ಉಂಟು. ಆಲ್ಫಾಬೆಟ್‌ನ ಎ ವರ್ಗಕ್ಕೆ ಮತದ ಹಕ್ಕಿದೆ, ಸಿ ವರ್ಗಕ್ಕಿಲ್ಲ. ಬರ್ಕ್‌ಷೈರ್ ಹ್ಯಾಥವೇಯ ಒಂದು ಎ ಷೇರು 1,500 ಬಿ ಷೇರುಗಳಿಗೆ ಸಮ. ಎರಡರ ದರ ನೋಡಿ 'ಇದೇನು ಇಷ್ಟು ಅಗ್ಗ' ಎನ್ನುವ ಮೊದಲು ವರ್ಗ ನೋಡಿ.

ಟೋಕಿಯೋದಲ್ಲಿ ಪರದೆಯ ದರ ಒಂದು ಷೇರಿನದೇ, ಆದರೆ ಕೊಳ್ಳಬೇಕಾದ್ದು 100ರ ಗುಚ್ಛ. 3,000 ಯೆನ್ ಷೇರಿಗೆ ಕನಿಷ್ಠ 3 ಲಕ್ಷ ಯೆನ್ ಬೇಕು. ಹಾಂಗ್‌ಕಾಂಗ್‌ನಲ್ಲಿ ಗುಚ್ಛದ ಗಾತ್ರವನ್ನು ಆಯಾ ಕಂಪನಿಯೇ ಗೊತ್ತುಮಾಡುತ್ತದೆ.

ಹಂತ 3: ಈ ದರ ಯಾವ ಹೊತ್ತಿನದು?

ಅಮೆರಿಕದ ಪೇಟೆಯ ಮುಖ್ಯ ವಹಿವಾಟು ನಮ್ಮ ಗಡಿಯಾರದಲ್ಲಿ ಬೇಸಿಗೆ ಕಾಲಮಾನದಲ್ಲಿ ಸಂಜೆ 7ರಿಂದ ರಾತ್ರಿ 1.30ರವರೆಗೆ, ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಒಂದು ಗಂಟೆ ತಡ. ಲಂಡನ್ ಬೇಸಿಗೆಯಲ್ಲಿ ಮಧ್ಯಾಹ್ನ 12.30ರಿಂದ ರಾತ್ರಿ 9, ಚಳಿಗಾಲದಲ್ಲಿ ಅಲ್ಲೂ ಒಂದು ಗಂಟೆ ತಡ.

ಅಮೆರಿಕದಲ್ಲಿ ಮುಕ್ತಾಯದ ಗಂಟೆ ಬಾರಿಸಿದ ಮೇಲೂ ನಾಲ್ಕು ಗಂಟೆ ವಹಿವಾಟು ನಡೆಯುತ್ತದೆ, ಬೆಳಗ್ಗೆ ಶುರುವಾಗುವ ಮೊದಲೂ ನಡೆಯುತ್ತದೆ. ತ್ರೈಮಾಸಿಕ ಫಲಿತಾಂಶಗಳು ಹೆಚ್ಚಾಗಿ ಈ ಎರಡು ಹೊತ್ತಿನಲ್ಲೇ ಬರುವುದರಿಂದ ಬೆಲೆ ಹಾರುವುದೂ ಬೀಳುವುದೂ ಆಗಲೇ. ಪರದೆಯಲ್ಲಿ ಎರಡು ಶೇಕಡಾ ಕಾಣುತ್ತವೆ: ಮೇಲಿನದು ಹಿಂದಿನ ದಿನದ ಮುಕ್ತಾಯಕ್ಕೆ ಹೋಲಿಸಿದ್ದು, ಕೆಳಗಿನ ಚಿಕ್ಕದು ಇಂದಿನ ಮುಕ್ತಾಯಕ್ಕೆ ಹೋಲಿಸಿದ್ದು. ಒಂದರಲ್ಲಿ +3%, ಇನ್ನೊಂದರಲ್ಲಿ -6% ಇದ್ದರೆ ಗೊಂದಲ ಬೇಡ. ಹಗಲು ಏರಿ, ಫಲಿತಾಂಶದ ನಂತರ ಬಿದ್ದಿದೆ. ಈ ಹೊತ್ತಿನಲ್ಲಿ ಕೊಳ್ಳುವವರೂ ಮಾರುವವರೂ ಕಡಿಮೆ. ನೂರಿನ್ನೂರು ಷೇರಿನ ವಹಿವಾಟಿಗೇ ದರ ಜಿಗಿಯುತ್ತದೆ, ಬಿಡ್ (ಕೊಳ್ಳುವವರು ಕೊಡಲು ಒಪ್ಪುವ ದರ) ಮತ್ತು ಆಸ್ಕ್ (ಮಾರುವವರು ಕೇಳುವ ದರ) ನಡುವಿನ ಅಂತರ ಹಿಗ್ಗುತ್ತದೆ. ಅಷ್ಟು ಹೊತ್ತಿನಲ್ಲಿ ಆರ್ಡರ್ ಹಾಕಲೇಬೇಕೆಂದಿದ್ದರೆ ಲಿಮಿಟ್ ಆರ್ಡರ್, ಅಂದರೆ ದರದ ಮಿತಿಯನ್ನು ನೀವೇ ಗೊತ್ತುಮಾಡುವ ಆರ್ಡರ್ ಮಾತ್ರ.

ನಮ್ಮ ಷೇರುಗಳಿಗಿರುವಂಥ ಅಪ್ಪರ್ ಸರ್ಕ್ಯೂಟ್, ಲೋಯರ್ ಸರ್ಕ್ಯೂಟ್ ಮಿತಿ (ಒಂದು ದಿನದಲ್ಲಿ ಬೆಲೆ ಏರಬಹುದಾದ, ಇಳಿಯಬಹುದಾದ ಗಡಿ) ಅಮೆರಿಕದಲ್ಲಿ ಇಲ್ಲ. ಬೆಲೆ ಸರಕ್ಕನೆ ಏರಿದರೆ ಅಥವಾ ಇಳಿದರೆ ಕೆಲ ನಿಮಿಷ ವಹಿವಾಟು ತಡೆಯುತ್ತಾರೆ, ಮತ್ತೆ ಬಿಡುತ್ತಾರೆ. ಒಂದೇ ದಿನ 30, 40 ಶೇಕಡಾ ಕುಸಿತ ಅಲ್ಲಿ ತಾಂತ್ರಿಕ ದೋಷವಲ್ಲ.

ಹಂತ 4: ಹಳೆಯ ಬೆಲೆಯನ್ನು ಸರಿಪಡಿಸಿ ಓದಿ

2024ರ ಜೂನ್ 10ರಿಂದ ಎನ್‌ವಿಡಿಯಾ ಷೇರು ಒಂದಕ್ಕೆ ಹತ್ತಾಗಿ ವಿಭಜನೆಗೊಂಡ ದರದಲ್ಲಿ ವಹಿವಾಟಾಗುತ್ತಿದೆ. ಸುಮಾರು 1,200 ಡಾಲರ್ ಇದ್ದದ್ದು 120ರ ಆಸುಪಾಸಿಗೆ ಬಂತು. ಚಾರ್ಟ್‌ಗಳು ಹಿಂದಿನ ದರಗಳನ್ನು ತಾವಾಗಿ ಹತ್ತರಿಂದ ಭಾಗಿಸುತ್ತವೆ. ಹಳೆಯ ಸುದ್ದಿ ಲೇಖನಗಳು, ಹಳೆಯ ಟಾರ್ಗೆಟ್‌ಗಳು (ಷೇರು ಮುಟ್ಟೀತು ಎಂದು ವಿಶ್ಲೇಷಕರು ಅಂದಾಜಿಸುವ ಬೆಲೆ) ಹಾಗೆ ಮಾಡುವುದಿಲ್ಲ. 2024ರ ಮೇ ತಿಂಗಳ 'ಟಾರ್ಗೆಟ್ 1,200' ಓದಿ, ಪರದೆಯಲ್ಲಿ 120 ನೋಡಿ, ಹತ್ತು ಪಟ್ಟು ಲಾಭ ಎಂದು ಹಿಗ್ಗುವುದಕ್ಕೆ ಇಷ್ಟೇ ಸಾಕು. ಉಲ್ಟಾ ವಿಭಜನೆಯೂ ಇದೆ: 2011ರ ಮೇ ತಿಂಗಳಲ್ಲಿ ಸಿಟಿಗ್ರೂಪ್ ಹತ್ತು ಷೇರನ್ನು ಒಂದಾಗಿಸಿತು, 4.50 ಡಾಲರಿನ ಷೇರು 45ರ ಆಜುಬಾಜಿಗೆ ಬಂತು. ಯಾರ ಹಣವೂ ಹತ್ತು ಪಟ್ಟಾಗಲಿಲ್ಲ.

ಕೊನೆಗೆ ರೂಪಾಯಿ. 200 ಡಾಲರಿಗೆ ಕೊಂಡ ಷೇರು 220 ಆಯಿತು, ಲಾಭ 10%. ಕೊಂಡಾಗ ಡಾಲರ್ 84, ಈಗ 88 ಎಂದಾದರೆ 16,800 ರೂಪಾಯಿ 19,360 ಆಗಿದೆ, ಲಾಭ 15.2%. ಶೇಕಡಾಗಳನ್ನು ಕೂಡಿಸಬೇಡಿ, ಗುಣಿಸಿ: 1.10 × 1.0476. ಡಿವಿಡೆಂಡ್ ಬಂದರೆ, ಭಾರತದ ನಿವಾಸಿ ತಾನು ಅಮೆರಿಕದವನಲ್ಲ ಎಂದು ಘೋಷಿಸುವ ಡಬ್ಲ್ಯು-8ಬಿಇಎನ್ ನಮೂನೆ ಕೊಟ್ಟಿದ್ದಾಗ, ಅಮೆರಿಕದಲ್ಲೇ 25% ತೆರಿಗೆ ಕಳೆದು ಕೈಗೆ ಸಿಗುತ್ತದೆ. ಬೆಂಗಳೂರಿನಲ್ಲಿ ಅಮೆರಿಕದ ಕಂಪನಿಗೆ ದುಡಿದು ಆರ್‌ಎಸ್‌ಯು (ಸಂಬಳದ ಭಾಗವಾಗಿ ಕೊಡುವ ಷೇರು) ಪಡೆದವರು ಇನ್ನೊಂದು ನೆನಪಿಡಬೇಕು: ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿ ತೋರಿಸುವ ಷೆಡ್ಯೂಲ್ ಎಫ್‌ಎ ಕೇಳುವುದು ಏಪ್ರಿಲ್‌–ಮಾರ್ಚ್ ಲೆಕ್ಕವಲ್ಲ, ಜನವರಿ–ಡಿಸೆಂಬರ್ ಲೆಕ್ಕ.

ಹಂತ 5: ರೇಟಿಂಗ್ ಪದಕ್ಕೆ ಆ ಸಂಸ್ಥೆಯ ನಿಘಂಟು ಹುಡುಕಿ

ಇನ್ನು ಮಾತಿನ ಕಡೆ. ಮಾರ್ಗದರ್ಶಿಯ ತಿರುಳು ಇಲ್ಲೇ ಇರುವುದು.

ಬೈ, ಔಟ್‌ಪರ್ಫಾರ್ಮ್, ಓವರ್‌ವೇಟ್ ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ 'ಖರೀದಿಸಿ' ಎಂದು ಅನುವಾದಿಸುವುದು ನಮ್ಮ ಸುದ್ದಿಗಳಲ್ಲಿ ಸಾಮಾನ್ಯ. ಅಸಲಿಗೆ ರೇಟಿಂಗ್‌ಗಳಲ್ಲಿ ಎರಡು ಜಾತಿ. ಒಂದು, ಷೇರು ಇಷ್ಟು ಶೇಕಡಾ ಕೊಡುತ್ತದೆ ಎಂದು ನೇರ ಹೇಳುವುದು. ಇನ್ನೊಂದು, ಓರಗೆಯ ಷೇರುಗಳಿಗಿಂತ ಚೆನ್ನಾಗಿ ಓಡುತ್ತದೆ ಎಂದಷ್ಟೇ ಹೇಳುವುದು.

ಬ್ರೋಕರೇಜ್ ಸಂಸ್ಥೆ ಜೆಫರೀಸ್ ಮೊದಲ ಜಾತಿ. ಅದರ 'ಬೈ' ಎಂದರೆ 12 ತಿಂಗಳಲ್ಲಿ ಬೆಲೆ ಏರಿಕೆಯೂ ಡಿವಿಡೆಂಡೂ ಸೇರಿ 15% ಅಥವಾ ಹೆಚ್ಚು. 'ಅಂಡರ್‌ಪರ್ಫಾರ್ಮ್' ಎಂದರೆ 10% ಅಥವಾ ಅದಕ್ಕಿಂತ ಹೆಚ್ಚಿನ ನಷ್ಟ. ಎರಡರ ನಡುವಿನದ್ದೆಲ್ಲ 'ಹೋಲ್ಡ್'.

ಮಾರ್ಗನ್ ಸ್ಟ್ಯಾನ್ಲಿ ಎರಡನೇ ಜಾತಿ. ಅದರ ಓವರ್‌ವೇಟ್, ಈಕ್ವಲ್‌ವೇಟ್, ಅಂಡರ್‌ವೇಟ್ ಮೂರೂ ಆ ವಿಶ್ಲೇಷಕ ನೋಡಿಕೊಳ್ಳುವ ಷೇರುಗಳ ಗುಂಪಿನ ಸರಾಸರಿಗೆ ಹೋಲಿಸಿದ್ದು; ಅವಧಿ 12ರಿಂದ 18 ತಿಂಗಳು. ಗುಂಪು 20% ಬಿದ್ದು ಈ ಷೇರು 12% ಬಿದ್ದರೆ ಓವರ್‌ವೇಟ್ ಎಂದವನ ಮಾತು ನಿಜವಾಯಿತು, ಕೊಂಡವನ ದುಡ್ಡು ಹೋಯಿತು. ತನ್ನ ಓವರ್‌ವೇಟನ್ನು 'ಬೈ' ಎಂದು ತಿಳಿಯಬಾರದೆಂದು ಆ ಸಂಸ್ಥೆಯೇ ವರದಿಯ ಬಾಲದಲ್ಲಿ ಬರೆಯುತ್ತದೆ. ಜೆಪಿ ಮಾರ್ಗನ್ನಿನ ಓವರ್‌ವೇಟ್, ನ್ಯೂಟ್ರಲ್, ಅಂಡರ್‌ವೇಟ್‌ಗಳೂ ಇದೇ ಬಗೆಯವು.

'ಬೈ' ಎಂಬ ಪದವೇ ಇದ್ದರೆ ನಿಶ್ಚಿಂತೆಯೇ? ಅದೂ ಇಲ್ಲ. ಗೋಲ್ಡ್‌ಮನ್ ಸ್ಯಾಕ್ಸ್ ಬೈ, ನ್ಯೂಟ್ರಲ್, ಸೆಲ್ ಎಂಬ ನೇರ ಪದಗಳನ್ನೇ ಬಳಸುತ್ತದೆ, ಆದರೆ ಬೈ ಮತ್ತು ಸೆಲ್ ನಿರ್ಧಾರವಾಗುವುದು ಗುಂಪಿನ ಉಳಿದ ಷೇರುಗಳಿಗೆ ಹೋಲಿಸಿ. ಇನ್ನು ಕೆನಡಾದ ಬ್ಯಾಂಕ್ ಆರ್‌ಬಿಸಿಯ 'ಅಂಡರ್‌ಪರ್ಫಾರ್ಮ್' ತನ್ನ ವಲಯದ ಸರಾಸರಿಗಿಂತ ಹಿಂದೆ ಬೀಳುತ್ತದೆ ಎಂದಷ್ಟೇ ಹೇಳುತ್ತದೆ. ಜೆಫರೀಸ್ ಅದೇ ಪದದಲ್ಲಿ ನೇರ ನಷ್ಟ ಹೇಳುತ್ತಿದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಪದ ಒಂದೇ, ಅರ್ಥ ಎರಡು.

ಹಾಗಾಗಿ ವರದಿ ಸಿಕ್ಕೊಡನೆ ಮೊದಲ ಪುಟಕ್ಕಲ್ಲ, ಕೊನೆಯ ಪುಟಗಳಿಗೆ ಹೋಗಿ. ಅಮೆರಿಕದ ಬ್ರೋಕರೇಜ್ ಸಂಸ್ಥೆಗಳ ಮೇಲೆ ಕಣ್ಣಿಡುವ ಫಿನ್ರಾದ ನಿಯಮದಂತೆ ಅಲ್ಲಿ ಕೆಲವು ಸಂಗತಿ ಇರಲೇಬೇಕು. ಪ್ರತಿ ರೇಟಿಂಗಿನ ವ್ಯಾಖ್ಯೆ ಇರುತ್ತದೆ. ಸಂಸ್ಥೆಯ ಎಲ್ಲ ರೇಟಿಂಗ್‌ಗಳಲ್ಲಿ ಬೈ ಎಷ್ಟು, ಹೋಲ್ಡ್ ಎಷ್ಟು, ಸೆಲ್ ಎಷ್ಟು ಎಂಬ ಶೇಕಡಾವಾರು ಇರುತ್ತದೆ; ಸ್ವಂತ ಪದ ಏನೇ ಇರಲಿ, ಅಲ್ಲಿ ಈ ಮೂರರಲ್ಲಿ ಒಂದಕ್ಕೆ ಇಳಿಸಿ ತೋರಿಸಬೇಕು. ಪ್ರತಿ ಗುಂಪಿನಲ್ಲಿ ಎಷ್ಟು ಕಂಪನಿಗಳಿಗೆ ಇದೇ ಸಂಸ್ಥೆ ಹಿಂದಿನ 12 ತಿಂಗಳಲ್ಲಿ ಹೂಡಿಕೆ ಬ್ಯಾಂಕಿಂಗ್ ಸೇವೆ (ಷೇರು ಮಾರಿ ಬಂಡವಾಳ ಎತ್ತಿಕೊಡುವಂಥ ಕೆಲಸ) ಕೊಟ್ಟಿದೆ ಎಂಬುದೂ ಇರುತ್ತದೆ. ಜೊತೆಗೆ ಒಂದು ಚಾರ್ಟ್: ಷೇರಿನ ಬೆಲೆಯ ಗೆರೆ, ಅದರ ಮೇಲೆ ರೇಟಿಂಗ್ ಮತ್ತು ಟಾರ್ಗೆಟ್ ಬದಲಾದ ದಿನಗಳ ಗುರುತು. ವಿಶ್ಲೇಷಕ ಬೆಲೆಯ ಮುಂದೆ ನಡೆದಿದ್ದಾನೋ, ಬೆಲೆಯ ಹಿಂದೆ ಓಡಿದ್ದಾನೋ ಎಂಬುದು ಆ ಚಾರ್ಟಿನಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ. ಷೇರು ಏರಿದ ಮೇಲೆ ಟಾರ್ಗೆಟ್ ಏರಿಸಿ, ಬಿದ್ದ ಮೇಲೆ ಇಳಿಸಿದ ಗುರುತುಗಳೇ ತುಂಬಿದ್ದರೆ ಮುಂದಿನ ಟಾರ್ಗೆಟ್‌ಗೂ ಅಷ್ಟೇ ಬೆಲೆ ಕೊಡಿ.

ಈ ಪುಟಗಳು ಸುಮ್ಮನೆ ಬಂದವಲ್ಲ. 2001ರ ಡಿಸೆಂಬರ್ 2ರಂದು ಅಮೆರಿಕದ ಇಂಧನ ಕಂಪನಿ ಎನ್ರಾನ್ ದಿವಾಳಿ ಅರ್ಜಿ ಹಾಕುವ ಕೆಲವೇ ವಾರಗಳ ಮೊದಲೂ ಬಹುತೇಕ ವಿಶ್ಲೇಷಕರ ರೇಟಿಂಗ್ 'ಬೈ' ಇತ್ತು. ಹೂಡಿಕೆ ಬ್ಯಾಂಕಿಂಗ್ ವ್ಯವಹಾರಕ್ಕಾಗಿ ಸಂಶೋಧನಾ ವರದಿಗಳನ್ನು ಬಗ್ಗಿಸಿದ ಆರೋಪದ ಮೇಲೆ 2003ರ ಏಪ್ರಿಲ್‌ನಲ್ಲಿ ವಾಲ್ ಸ್ಟ್ರೀಟ್‌ನ 10 ಸಂಸ್ಥೆಗಳು ಸುಮಾರು 140 ಕೋಟಿ ಡಾಲರಿನ ರಾಜಿಗೆ ಒಪ್ಪಿದವು. ಆ ಹಗರಣದ ಕಾಲದಲ್ಲಿ ಬಿಗಿಯಾದ ನಿಯಮಗಳ ಫಲ ಈ ಬಾಲದ ಪುಟಗಳು. ಆದರೂ ಬೈಗಳ ಎದುರು ಸೆಲ್‌ಗಳು ಈಗಲೂ ಬೆರಳೆಣಿಕೆಯಷ್ಟು. ಆದ್ದರಿಂದ 'ಹೋಲ್ಡ್' ಎಂಬುದನ್ನು ನಡುವಿನ ಅಂಕವೆಂದು ಓದಬೇಡಿ. ಕಂಪನಿಯ ಆಡಳಿತವನ್ನು ಮುನಿಸಿಕೊಳ್ಳುವಂತೆ ಮಾಡದೆ ದೂರ ಸರಿಯುವ ದಾರಿ ಅದು, ಅಡ್ಡಗೋಡೆಯ ಮೇಲಿಟ್ಟ ದೀಪ. 'ಬೈ'ಯಿಂದ 'ಹೋಲ್ಡ್'ಗೆ ಇಳಿಸಿದ್ದನ್ನು ಅನುಭವಿಗಳು ಬಹಳ ಸಲ ಮಾರಾಟದ ಸೂಚನೆ ಎಂದೇ ಓದುತ್ತಾರೆ.

ಕೆಲವು ಪದಗಳು ರೇಟಿಂಗೇ ಅಲ್ಲ. 'ರಿಸ್ಟ್ರಿಕ್ಟೆಡ್' ಎಂದರೆ ಆ ಸಂಸ್ಥೆ ಕಂಪನಿಯ ಯಾವುದೋ ವ್ಯವಹಾರದಲ್ಲಿ ಭಾಗಿಯಾಗಿರುವುದರಿಂದ ಬಾಯಿ ಕಟ್ಟಿದೆ ಎಂದರ್ಥ, ಷೇರು ಕೆಟ್ಟದ್ದೆಂದಲ್ಲ. 'ಇನಿಷಿಯೇಟ್' ಎಂದರೆ ಮೊದಲ ಸಲ ವರದಿ. ಐಪಿಒ ಆಗಿ ಸುಮಾರು 25 ದಿನಗಳಿಗೆ ಇಂಥ ವರದಿಗಳು ಗುಂಪಾಗಿ ಬಂದರೆ, ಬರೆದವರಲ್ಲಿ ಅನೇಕರು ಆ ಐಪಿಒ ನಡೆಸಿಕೊಟ್ಟ ಸಂಸ್ಥೆಗಳವರೇ ಆಗಿರುತ್ತಾರೆ. 'ರೀಇಟರೇಟ್' ಎಂದರೆ ಹಳೆಯ ಮಾತೇ, ಹೊಸತೇನಿಲ್ಲ. ಮಾರ್ನಿಂಗ್‌ಸ್ಟಾರ್‌ನ ಷೇರು ನಕ್ಷತ್ರಗಳು ಆ ಸಂಶೋಧನಾ ಸಂಸ್ಥೆ ಅಂದಾಜಿಸಿದ ನ್ಯಾಯಬೆಲೆಗೆ ಹೋಲಿಸಿದ ಬೆಲೆಯ ಮೇಲೆ ನಿಂತಿವೆ: ವಿಶ್ಲೇಷಕ ಏನೂ ಬರೆಯದಿದ್ದರೂ ಷೇರು ಬಿದ್ದರೆ ನಕ್ಷತ್ರ ಹೆಚ್ಚುತ್ತದೆ. ಯಾಹೂ ಫೈನಾನ್ಸ್‌ನ ಸರಾಸರಿ ರೇಟಿಂಗ್‌ನಲ್ಲಿ 1 ಎಂದರೆ ಅತ್ಯುತ್ತಮ, 5 ಎಂದರೆ ಮಾರಿ. ಐದಕ್ಕೆ ಐದು ಎಂದು ಖುಷಿಪಡುವ ಹಾಗಿಲ್ಲ.

ಹಂತ 6: ಟಾರ್ಗೆಟ್ ಬೆಲೆಯನ್ನು ಬಿಚ್ಚಿ ನೋಡಿ

ಬಹುತೇಕ ಟಾರ್ಗೆಟ್ ಎರಡು ಅಂಕಿಗಳ ಗುಣಲಬ್ಧ: ನಿರೀಕ್ಷಿತ ಗಳಿಕೆ, ಮತ್ತು ಅದಕ್ಕೆ ಪೇಟೆ ಎಷ್ಟು ಪಟ್ಟು ಕೊಟ್ಟೀತು ಎಂಬ ಊಹೆ. ಗಳಿಕೆ 5 ಡಾಲರ್, 20 ಪಟ್ಟು ಎಂದರೆ ಟಾರ್ಗೆಟ್ 100. ಮೂರು ತಿಂಗಳ ನಂತರ ಗಳಿಕೆ 5.20, 25 ಪಟ್ಟು ಎಂದು ತಿದ್ದಿದರೆ 130. 'ಟಾರ್ಗೆಟ್ 30% ಏರಿಕೆ' ಎಂಬ ಸುದ್ದಿ ಬರುತ್ತದೆ. ಒಳಗೆ ನೋಡಿದರೆ ಆ 30 ಡಾಲರಿನಲ್ಲಿ ಗಳಿಕೆಯಿಂದ ಬಂದದ್ದು 4 ಮಾತ್ರ, ಉಳಿದ 26 ಪಟ್ಟು ಹಿಗ್ಗಿಸಿದ್ದರಿಂದ. ಗಳಿಕೆಯಿಂದ ಏರಿದ ಟಾರ್ಗೆಟ್‌ಗೆ ಬುಡವಿದೆ; ಪಟ್ಟಿನಿಂದ ಏರಿದ್ದು ಪೇಟೆಯ ಮನಸ್ಸು ತಿರುಗಿದ ದಿನ ಕರಗುತ್ತದೆ. ವರದಿಯಲ್ಲಿ 'ಹಳೆಯ ಅಂದಾಜು, ಹೊಸ ಅಂದಾಜು' ಎಂಬ ಪುಟ್ಟ ಕೋಷ್ಟಕ ಇರುತ್ತದೆ, ಮೊದಲು ಅದನ್ನು ಓದಿ.

ಭಾಷೆಯಲ್ಲಂತೂ ಬೆಣ್ಣೆಯಿಂದ ಕೂದಲು ತೆಗೆಯುವ ನಾಜೂಕು. 'ಮೌಲ್ಯಮಾಪನ ಪೂರ್ಣವಾಗಿದೆ' ಎಂದರೆ ತುಟ್ಟಿ. 'ಸದ್ಯಕ್ಕೆ ಸ್ಪಷ್ಟತೆ ಕಡಿಮೆ' ಎಂದರೆ ಮುಂದಿನ ಅಂದಾಜು ಇಳಿಸಬೇಕಾದೀತು. 'ಒಳ್ಳೆಯ ಸುದ್ದಿಯೆಲ್ಲ ಬೆಲೆಯಲ್ಲಿ ಸೇರಿದೆ' ಎಂದರೆ ಫಲಿತಾಂಶ ಚೆನ್ನಾಗಿ ಬಂದರೂ ಷೇರು ಬಿದ್ದೀತು.

ಈಗ ಒಂದು ಸುದ್ದಿ ಸಾಲನ್ನು ಪೂರ್ತಿ ಓದೋಣ. ಕಂಪನಿ ಕಾಲ್ಪನಿಕ, ಧಾಟಿ ದಿನನಿತ್ಯದ್ದು: 'ಲಂಡನ್ನಿನ ಷೇರನ್ನು ಓವರ್‌ವೇಟ್‌ನಿಂದ ಈಕ್ವಲ್‌ವೇಟ್‌ಗೆ ಇಳಿಸಿ, ಟಾರ್ಗೆಟನ್ನು 1,050ರಿಂದ 1,150ಕ್ಕೆ ಏರಿಸಲಾಗಿದೆ, ಷೇರಿನ ಮುಕ್ತಾಯ ದರ 1,120.' ಇಳಿಸುವುದೂ ಏರಿಸುವುದೂ ಒಟ್ಟಿಗೆ ಹೇಗೆ? ಟಾರ್ಗೆಟ್ ಏರಿದ್ದಕ್ಕಿಂತ ಷೇರು ಹೆಚ್ಚು ಓಡಿದೆ, ಗುಂಪಿನಲ್ಲಿ ಇದಕ್ಕಿಂತ ಹೆಚ್ಚು ಜಾಗ ಉಳಿದಿರುವ ಷೇರುಗಳಿವೆ, ಅಷ್ಟೇ. 1,150 ಪೌಂಡ್ ಅಲ್ಲ, 11.50 ಪೌಂಡ್. 1,120ರಿಂದ ಅಲ್ಲಿಗೆ ಉಳಿದ ದೂರ 2.7%. ವರ್ಷಕ್ಕೆ 40 ಪೆನ್ಸ್ ಡಿವಿಡೆಂಡ್ ಇದ್ದರೆ ಇನ್ನೊಂದು 3.6%, ಒಟ್ಟು ಸುಮಾರು 6.3%. ಅದೂ ವಿಶ್ಲೇಷಕನ ಮಾತು ಅಚ್ಚುಕಟ್ಟಾಗಿ ಫಲಿಸಿದರೆ, ಅದೂ ಪೌಂಡ್ ಲೆಕ್ಕದಲ್ಲಿ. ಆ ವರ್ಷ ರೂಪಾಯಿಯೆದುರು ಪೌಂಡ್ 5% ಇಳಿದರೆ ಬೆಂಗಳೂರಿನ ಖಾತೆಗೆ ಉಳಿಯುವುದು 1%. ಲಂಡನ್ನಿನಲ್ಲಿ ಷೇರು ಕೊಳ್ಳುವಾಗ ಕಟ್ಟುವ 0.5% ಸ್ಟಾಂಪ್ ಶುಲ್ಕವನ್ನು ಇದರಲ್ಲಿ ಇನ್ನೂ ಕಳೆದಿಲ್ಲ.